ಬೆನ್ನುಹುರಿ ಪೆಟ್ಟಿನವರಿಗೆ ಬಿಪಿ ದಿಢೀರ್ ಏರಿದರೆ: ಮೊದಲು ಕೂರಿಸಿ, ಆಮೇಲೆ ಕಾರಣ ಹುಡುಕಿ

ಕುತ್ತಿಗೆಯಲ್ಲೋ ಎದೆಯ ಮೇಲ್ಭಾಗದಲ್ಲೋ ಬೆನ್ನುಹುರಿಗೆ ಪೆಟ್ಟಾಗಿರುವವರು ನಿಮ್ಮ ಮನೆಯಲ್ಲಿದ್ದರೆ, ಅಥವಾ ಆ ಪೆಟ್ಟು ನಿಮಗೇ ಆಗಿದ್ದರೆ, ಒಂದು ಮಾತು ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ. ಇದ್ದಕ್ಕಿದ್ದಂತೆ ತಲೆ ಸಿಡಿದುಹೋಗುವಷ್ಟು ನೋವು, ಮುಖ ಕೆಂಪು, ಹಣೆ ತುಂಬ ಬೆವರು. ಹೀಗಾದಾಗ ಮಲಗಿಸಬೇಡಿ. ಎಬ್ಬಿಸಿ ಕೂರಿಸಿ.

ಯಾರಿಗಾದರೂ ಹುಷಾರು ತಪ್ಪಿದರೆ ನಾವು ದಿಂಬು ಸರಿಮಾಡಿ ಮಲಗಿಸಲು ಹೋಗುತ್ತೇವೆ, ಅಲ್ವಾ? ಇಲ್ಲಿ ಅದೇ ಅಪಾಯ. ಮಲಗಿದರೆ ಮೊದಲೇ ಏರಿರುವ ಬಿಪಿ ಇನ್ನಷ್ಟು ಏರಬಹುದು. ಮಿದುಳಿನಲ್ಲಿ ರಕ್ತಸ್ರಾವ, ಫಿಟ್ಸ್, ಕಣ್ಣಿನ ಒಳಗೆ ರಕ್ತಸ್ರಾವ, ಹೃದಯದ ಬಡಿತ ತಪ್ಪುವುದು, ಪ್ರಾಣವೇ ಹೋಗುವುದು, ಇಷ್ಟೂ ಇದರಿಂದ ಆಗಬಹುದು. ಆದರೆ ಕಾರಣ ಸಿಕ್ಕಿ ಅದನ್ನು ತೆಗೆದರೆ ಹೆಚ್ಚಿನ ಸಲ ಕೆಲವೇ ನಿಮಿಷಗಳಲ್ಲಿ ಎಲ್ಲ ಇಳಿಯುತ್ತದೆ. ಅದಕ್ಕೇ ಇದನ್ನು ಮನೆಯವರೆಲ್ಲ ಕಲಿತಿರಬೇಕು ಅನ್ನುವುದು.

ವೈದ್ಯರು ಇದಕ್ಕೆ ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅನ್ನುತ್ತಾರೆ. ಚಿಕ್ಕದಾಗಿ ಎ.ಡಿ. ಬೆನ್ನುಹುರಿಗೆ ಎದೆಭಾಗದ ಆರನೇ ಮಟ್ಟದಲ್ಲಿ, ಅಂದರೆ ಟಿ6ರಲ್ಲಿ, ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಇದು ಕಾಣಿಸುತ್ತದೆ. ಪೆಟ್ಟು ಮೇಲಕ್ಕೆ ಇದ್ದಷ್ಟೂ, ಪೂರ್ತಿಯಾಗಿ ಆಗಿದ್ದಷ್ಟೂ ಸಾಧ್ಯತೆ ಜಾಸ್ತಿ. ಟಿ7, ಟಿ8ರ ಪೆಟ್ಟಿನವರಲ್ಲೂ ಅಪರೂಪಕ್ಕೆ ಆಗುವುದುಂಟು. ಸಾಮಾನ್ಯವಾಗಿ ಪೆಟ್ಟಾದ ಕೆಲವು ವಾರ ಅಥವಾ ತಿಂಗಳುಗಳ ನಂತರ ಶುರುವಾಗುತ್ತದೆ. ಹಾಗಾಗಿ ಆಸ್ಪತ್ರೆಯಲ್ಲಿ ಒಮ್ಮೆಯೂ ಆಗದೆ, ಮನೆಗೆ ಬಂದ ಮೇಲೆ ಮೊದಲ ಸಲ ಆಗಬಹುದು.

ಒಳಗೆ ಆಗುವುದೇನು?

ಪೆಟ್ಟಿನ ಕೆಳಗಿನ ಮೈಗೆ ಏನೋ ಹಿಂಸೆಯಾಗುತ್ತಿದೆ ಅಂದುಕೊಳ್ಳಿ. ಮೂತ್ರಕೋಶ ಮಿತಿಮೀರಿ ತುಂಬಿದೆ, ಅಥವಾ ಕಾಲಿನ ಉಗುರು ಮಾಂಸದೊಳಗೆ ಇಳಿದಿದೆ. ಆ ಸುದ್ದಿ ನರಗಳ ಮೂಲಕ ಬೆನ್ನುಹುರಿಗೆ ಬರುತ್ತದೆ. ಮಿದುಳಿನವರೆಗೆ ಹೋಗುವುದಿಲ್ಲ, ದಾರಿ ಪೆಟ್ಟಿನಲ್ಲೇ ಮುಚ್ಚಿದೆ. ಆದರೆ ಪೆಟ್ಟಿನ ಕೆಳಗಿನ ಬೆನ್ನುಹುರಿ ಸುಮ್ನೆ ಇರುವುದಿಲ್ಲ. ತನ್ನಷ್ಟಕ್ಕೆ ತಾನೇ ಪ್ರತಿಕ್ರಿಯೆ ಕೊಟ್ಟು, ಕೆಳಭಾಗದ ರಕ್ತನಾಳಗಳನ್ನೆಲ್ಲ ಬಿಗಿ ಮಾಡುತ್ತದೆ. ಹೊಟ್ಟೆ, ಕರುಳುಗಳ ಸುತ್ತ ಇರುವ ರಕ್ತನಾಳಗಳ ಜಾಲ ತುಂಬ ದೊಡ್ಡದು. ಅದು ಬಿಗಿಯಾದರೆ ಅಲ್ಲಿದ್ದ ರಕ್ತ ಮೇಲಕ್ಕೆ ತಳ್ಳಲ್ಪಟ್ಟು ಬಿಪಿ ಸರ್ರನೆ ಏರುತ್ತದೆ.

ಕುತ್ತಿಗೆಯ ರಕ್ತನಾಳದಲ್ಲಿ ಒತ್ತಡ ಗುರುತಿಸುವ ನರಗಳಿವೆ. ಅವು ಮಿದುಳಿಗೆ ಹೇಳುತ್ತವೆ. ಮಿದುಳು ಎರಡು ಆದೇಶ ಕೊಡುತ್ತದೆ. ಒಂದು, ಹೃದಯದ ಬಡಿತ ನಿಧಾನ ಮಾಡು. ಇದು ಹೋಗುವ ದಾರಿ ಬೇರೆ ನರದ ಮೂಲಕ, ಹಾಗಾಗಿ ತಲುಪುತ್ತದೆ. ಇನ್ನೊಂದು, ಕೆಳಗಿನ ರಕ್ತನಾಳ ಸಡಿಲ ಮಾಡು. ಇದು ಬೆನ್ನುಹುರಿಯಲ್ಲೇ ಇಳಿಯಬೇಕು, ಪೆಟ್ಟು ದಾಟಲು ಆಗುವುದಿಲ್ಲ. ಟಿ6 ಅನ್ನುವ ಗಡಿ ಮುಖ್ಯವಾಗುವುದೂ ಇದಕ್ಕೇ. ಹೊಟ್ಟೆಯ ರಕ್ತನಾಳಗಳಿಗೆ ಹೋಗುವ ನರಗಳು ಹೆಚ್ಚಾಗಿ ಅಲ್ಲಿಂದ ಕೆಳಗೆ ಹೊರಡುತ್ತವೆ.

ಮೈ ಎರಡು ಭಾಗವಾದಂತೆ ಕಾಣುವುದು ಈ ಕಾರಣಕ್ಕೆ. ಪೆಟ್ಟಿನ ಮೇಲೆ ಚರ್ಮ ಕೆಂಪು, ಬಿಸಿ, ಬೆವರು. ಕೆಳಗೆ ಬಿಳಿಚಿದ, ತಣ್ಣಗಿನ ಚರ್ಮ, ಕೂದಲು ನಿಮಿರಿ ನಿಂತಿರುತ್ತದೆ. ತಲೆ ಧಿಮ್ ಧಿಮ್ ಎಂದು ಬಡಿಯುತ್ತದೆ. ಮೂಗು ದಿಢೀರ್ ಕಟ್ಟಿಕೊಳ್ಳುತ್ತದೆ. ಕಣ್ಣು ಮಂಜಾಗಬಹುದು. ಏನೋ ಆಗುತ್ತಿದೆ ಅನ್ನುವ ಗಾಬರಿ ಬರುತ್ತದೆ, ಕೆಲವರಿಗೆ ಮೊದಲು ಬರುವುದೇ ಅದು. ನಾಡಿ ನಿಧಾನವಾಗಿರಬಹುದು. ಎಲ್ಲ ಲಕ್ಷಣಗಳೂ ಬರಬೇಕೆಂದಿಲ್ಲ. ಒಂದೂ ಇಲ್ಲದೆ ಬಿಪಿ ಮಾತ್ರ ಏರುವವರೂ ಇದ್ದಾರೆ.

ಇದನ್ನು ವೈದ್ಯಕೀಯ ಲೋಕ ಗಮನಿಸಿ ನೂರು ವರ್ಷದ ಮೇಲಾಯಿತು. 1917ರಲ್ಲಿ ಹೆನ್ರಿ ಹೆಡ್ ಮತ್ತು ಜಾರ್ಜ್ ರಿಡಾಕ್ ಎಂಬ ವೈದ್ಯರು ಬೆನ್ನುಹುರಿ ಪೆಟ್ಟಾದ ಸೈನಿಕರಲ್ಲಿ ಮೂತ್ರಕೋಶ ತುಂಬಿದಾಗ ವಿಪರೀತ ಬೆವರುವುದನ್ನು ಬರೆದಿಟ್ಟರು. 1947ರಲ್ಲಿ ಲುಡ್ವಿಗ್ ಗುಟ್‌ಮನ್ ಮತ್ತು ಡೇವಿಡ್ ವಿಟ್ಟರಿಜ್, ಮೂತ್ರಕೋಶ ಹಿಗ್ಗಿದಾಗ ಬಿಪಿ ಹೇಗೆ ಏರುತ್ತದೆ ಎಂಬುದನ್ನು ವಿವರವಾಗಿ ತೋರಿಸಿದರು. ಇಷ್ಟು ಹಳೆಯ ವಿಷಯವಾದರೂ ಬೆನ್ನುಹುರಿಯ ಚಿಕಿತ್ಸೆ ಮಾಡದ ಎಷ್ಟೋ ವೈದ್ಯರು ಇದನ್ನು ಕಣ್ಣಾರೆ ಕಂಡಿರುವುದಿಲ್ಲ. ಆದ್ದರಿಂದ ವಿವರಿಸುವ ಹೊಣೆ ಬಹಳ ಸಲ ನಿಮ್ಮ ಮೇಲೇ ಬೀಳುತ್ತದೆ.

ಇವತ್ತೇ ಮಾಡಬೇಕಾದ ಕೆಲಸ: ನಿಮ್ಮ ಬಿಪಿ ಎಷ್ಟು ಅಂತ ತಿಳಿದಿರಿ

ಏನೂ ತೊಂದರೆ ಇಲ್ಲದ ದಿನ ಬಿಪಿ ನೋಡಿ ಬರೆದಿಡಿ. ಮಲಗಿದಾಗ ಒಮ್ಮೆ, ಕೂತಾಗ ಒಮ್ಮೆ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ನೋಡಿದರೆ ಇನ್ನೂ ಒಳ್ಳೆಯದು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಬೆನ್ನುಹುರಿಯ ಮೇಲ್ಭಾಗದಲ್ಲಿ ಪೆಟ್ಟಾದವರ ಬಿಪಿ ಮಾಮೂಲಿ ದಿನಗಳಲ್ಲೇ ಕಡಿಮೆ ಇರುತ್ತದೆ. ಮೇಲಿನ ಅಂಕಿ 90ರಿಂದ 110ರ ಒಳಗೆ ಇರುವುದು ಸಾಮಾನ್ಯ. ಅಂಥವರ ಬಿಪಿ 130 ತೋರಿಸಿದರೆ ನೋಡಿದವರು "ನಾರ್ಮಲ್ ಇದೆಯಲ್ಲ" ಅಂದುಬಿಡುತ್ತಾರೆ. 95 ಇರುವವರಿಗೆ 130 ನಾರ್ಮಲ್ ಅಲ್ಲ. ದೊಡ್ಡವರಲ್ಲಿ ಅವರವರ ಮಾಮೂಲಿ ಅಂಕಿಗಿಂತ 20ರಿಂದ 40 ಜಾಸ್ತಿಯಾದರೆ ಎ.ಡಿ. ಎಂದು ಅನುಮಾನ ಪಡಬೇಕು. ಮಕ್ಕಳಲ್ಲಿ 15 ಏರಿದರೂ ಸಾಕು. ನಿಮ್ಮ ಅಂಕಿ ಬರೆದಿಟ್ಟಿರದಿದ್ದರೆ ಈ ಲೆಕ್ಕ ಹಾಕುವುದು ಹೇಗೆ?

ಶುರುವಾದಾಗ: ಒಂದೊಂದೇ ಹೆಜ್ಜೆ

ಮೊದಲ ಹೆಜ್ಜೆ ಹೇಳಿಯಾಯಿತು, ಕೂರಿಸುವುದು. ಬೆನ್ನು ಆದಷ್ಟು ನೇರ ಇರಲಿ. ಕಾಲು ಕೆಳಗೆ ಇಳಿಬಿಡಿ. ರಕ್ತ ಸ್ವಲ್ಪ ಕಾಲಿಗೆ ಇಳಿದು ತಲೆಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ವೀಲ್‌ಚೇರ್‌ನಲ್ಲಿ ಇದ್ದರೆ ಅಲ್ಲೇ ಇರಲಿ, ಹಿಂದಕ್ಕೆ ಬಾಗಿಸಬೇಡಿ. ಹಾಸಿಗೆಯಲ್ಲಿದ್ದರೆ ತಲೆಯ ಕಡೆ ಪೂರ್ತಿ ಎತ್ತಿ, ಬೀಳದಂತೆ ಒಬ್ಬರು ಹಿಡಿದುಕೊಳ್ಳಿ. ಬೆನ್ನುಮೂಳೆಗೆ ಹೊಸದಾಗಿ ಪೆಟ್ಟಾಗಿದ್ದು ಕೂರಿಸಬಾರದು ಎಂದು ವೈದ್ಯರು ಹೇಳಿದ್ದರೆ ಮಾತ್ರ ಬೇರೆ, ಆಗ ತಕ್ಷಣ ಅವರನ್ನೇ ಕರೆಯಿರಿ.

ಎರಡನೆಯದು, ಮೈಮೇಲೆ ಬಿಗಿಯಾಗಿರುವುದನ್ನೆಲ್ಲ ಬಿಚ್ಚಿ. ಬೆಲ್ಟು, ಪ್ಯಾಂಟಿನ ಗುಂಡಿ, ಹೊಟ್ಟೆಗೆ ಕಟ್ಟಿದ ಪಟ್ಟಿ, ಒತ್ತು ಕಾಲುಚೀಲ, ಶೂ, ಕಾಲಿಗೆ ಕಟ್ಟಿದ ಯೂರಿನ್ ಬ್ಯಾಗಿನ ಪಟ್ಟಿ.

ಇದನ್ನು ಮಾಡುತ್ತಿರುವಾಗಲೇ ಇನ್ನೊಬ್ಬರು ಬಿಪಿ ನೋಡಲಿ. ಆಮೇಲೆ 2ರಿಂದ 5 ನಿಮಿಷಕ್ಕೊಮ್ಮೆ ನೋಡುತ್ತಲೇ ಇರಬೇಕು, ಯಾಕೆಂದರೆ ಬಿಪಿ ಬಹಳ ಬೇಗ ಮೇಲೆ ಕೆಳಗೆ ಆಗುತ್ತದೆ. ಪ್ರತಿ ಸಲ ಸಮಯ ಮತ್ತು ಅಂಕಿ ಎರಡನ್ನೂ ಒಂದು ಹಾಳೆಯಲ್ಲಿ ಬರೆಯಿರಿ.

ಮೂರನೆಯದು ಮೂತ್ರಕೋಶ. ಇಲ್ಲಿ ನಿಧಾನವಾಗಿ ಓದಿ, ಕಾರಣ ಹೆಚ್ಚಿನ ಸಲ ಸಿಗುವುದು ಇಲ್ಲೇ.

ಕ್ಯಾಥೆಟರ್, ಅಂದರೆ ಮೂತ್ರ ಹೊರಬರಲು ಮೂತ್ರಕೋಶಕ್ಕೆ ಹಾಕುವ ಪೈಪು, ಇದ್ದರೆ ಅದು ಮೈಯಿಂದ ಹೊರಬರುವ ಜಾಗದಿಂದ ಬ್ಯಾಗಿನವರೆಗೆ ಬೆರಳು ಆಡಿಸುತ್ತಾ ಹೋಗಿ. ಕಣ್ಣಲ್ಲಿ ನೋಡಿದರೆ ಸಾಲದು, ಬಟ್ಟೆಯೊಳಗೆ ಕಾಣುವುದಿಲ್ಲ. ಪೈಪು ತೊಡೆಯ ಕೆಳಗೆ ಸಿಕ್ಕಿ ಚಪ್ಪಟೆಯಾಗಿರಬಹುದು. ಪ್ಯಾಂಟಿನ ಹೊಲಿಗೆಯ ಹತ್ತಿರ ಮಡಚಿಕೊಂಡಿರಬಹುದು. ಸೀಟಿಗೂ ಪಕ್ಕದ ಹಲಗೆಗೂ ನಡುವೆ ಸಿಕ್ಕಿಹಾಕಿಕೊಂಡಿರಬಹುದು. ಬ್ಯಾಗಿನ ಹತ್ತಿರದ ಜೋಡಣೆಯಲ್ಲಿ ತಿರುಚಿಕೊಂಡಿರುವುದೂ ಉಂಟು. ಬ್ಯಾಗ್ ತುಂಬಿದ್ದರೆ ಖಾಲಿ ಮಾಡಿ. ಬ್ಯಾಗ್ ಮೂತ್ರಕೋಶಕ್ಕಿಂತ ಎತ್ತರದಲ್ಲಿ ಇದ್ದರೆ ಕೆಳಗೆ ಇಳಿಸಿ. ಮಡಿಕೆ ಬಿಡಿಸಿದ ಕೂಡಲೇ ಮೂತ್ರ ರಭಸವಾಗಿ ಹರಿಯತೊಡಗಿ, ತಲೆನೋವು ಇಳಿಯುತ್ತಾ ಬಂದರೆ ಕಾರಣ ಸಿಕ್ಕಿತು ಅಂತಲೇ ಅರ್ಥ.

ಮಡಿಕೆ ಎಲ್ಲೂ ಇಲ್ಲ, ಆದರೂ ಮೂತ್ರ ಬರುತ್ತಿಲ್ಲ ಅಂದರೆ ಕ್ಯಾಥೆಟರ್ ಒಳಗೆ ಕಟ್ಟಿಕೊಂಡಿರಬೇಕು. ಈ ಕೆಲಸ ಕಲಿತವರಾದರೆ ಮೈಬಿಸಿಯಷ್ಟೇ ಬೆಚ್ಚಗಿರುವ ಸಲೈನ್ ನೀರನ್ನು 10ರಿಂದ 15 ಮಿಲಿ ಮಾತ್ರ ನಿಧಾನವಾಗಿ ಹಾಯಿಸಬಹುದು. ಇದು ದೊಡ್ಡವರ ಲೆಕ್ಕ. ಜಾಸ್ತಿ ಹಾಕಬೇಡಿ, ಒತ್ತಡ ಕೊಟ್ಟು ನೂಕಬೇಡಿ. ಮೊದಲೇ ತುಂಬಿರುವ ಮೂತ್ರಕೋಶಕ್ಕೆ ಇನ್ನಷ್ಟು ತುಂಬಿಸಿದಂತಾದರೆ ಬಿಪಿ ಮತ್ತೆ ಏರುತ್ತದೆ. ಅಷ್ಟಕ್ಕೂ ಬಾರದಿದ್ದರೆ ಕ್ಯಾಥೆಟರ್ ಬದಲಾಯಿಸಬೇಕು.

ಬದಲಾಯಿಸುವ ಮೊದಲು ಲಿಡೊಕೇನ್ ಜೆಲ್ಲಿ ಹಾಕಿ ಕನಿಷ್ಠ ಎರಡು ನಿಮಿಷ ಕಾಯಿರಿ. "ಅವರಿಗೆ ಅಲ್ಲಿ ಸ್ಪರ್ಶವೇ ಗೊತ್ತಾಗಲ್ಲ, ಮರಗಟ್ಟಿಸುವ ಜೆಲ್ಲಿ ಯಾಕೆ?" ಎಂದು ಅನ್ನಿಸಬಹುದು. ಅವರಿಗೆ ಗೊತ್ತಾಗದಿದ್ದರೂ ಬೆನ್ನುಹುರಿಗೆ ಗೊತ್ತಾಗುತ್ತದೆ. ಕ್ಯಾಥೆಟರ್ ಒಳಹೋಗುವ ಕಿರಿಕಿರಿಯೇ ಎ.ಡಿ.ಯನ್ನು ಇನ್ನಷ್ಟು ಕೆರಳಿಸಬಲ್ಲದು. ದಿನಕ್ಕೆ ಕೆಲವು ಸಲ ಕ್ಯಾಥೆಟರ್ ಹಾಕಿ ತೆಗೆಯುವವರೂ ಈಗ ಹೀಗೆಯೇ ಜೆಲ್ಲಿ ಹಾಕಿ ಮೂತ್ರಕೋಶ ಖಾಲಿ ಮಾಡಬೇಕು.

ಕೆಳಹೊಟ್ಟೆ ಒತ್ತುವುದು, ತಟ್ಟುವುದು ಬೇಡವೇ ಬೇಡ. ಮತ್ತೆ, ತುಂಬ ಹಿಗ್ಗಿದ ಮೂತ್ರಕೋಶ ಖಾಲಿಯಾಗುವಾಗ ಬಿಪಿ ಒಮ್ಮೆಲೇ ಕುಸಿಯಬಹುದು. ಆ ಹೊತ್ತಿನಲ್ಲಿ ಬಿಪಿ ಯಂತ್ರ ಕೈಯಿಂದ ಬಿಚ್ಚಬೇಡಿ.

ನಾಲ್ಕನೆಯದು ಮಲ. ಮೂತ್ರದ ದಾರಿ ಸರಿ ಇದೆ, ಬಿಪಿ ಇಳಿದಿಲ್ಲ ಅಂದರೆ ಮುಂದಿನ ಅನುಮಾನ ಗುದದ್ವಾರದ ಹತ್ತಿರ ಗಟ್ಟಿಯಾಗಿ ನಿಂತ ಮಲದ ಮೇಲೆ. ಆದರೆ ಮೇಲಿನ ಅಂಕಿ 150 ಅಥವಾ ಜಾಸ್ತಿ ಇದ್ದರೆ ಮೊದಲು ಬಿಪಿ ಇಳಿಸುವ ಔಷಧಿ, ಆಮೇಲೆ ಪರೀಕ್ಷೆ. 150ಕ್ಕಿಂತ ಕಡಿಮೆ ಇದ್ದರೆ ಕೈಗವಸು ಹಾಕಿ, ಲಿಡೊಕೇನ್ ಜೆಲ್ಲಿ ಧಾರಾಳವಾಗಿ ಹಚ್ಚಿ, ಕೆಲವು ನಿಮಿಷ ಬಿಟ್ಟು ಮೆಲ್ಲಗೆ ಒಂದು ಬೆರಳಿನಿಂದ ನೋಡಿ. ತೆಗೆಯುವಾಗ ಬಿಪಿ ಏರಿದರೆ ಅಲ್ಲಿಗೇ ನಿಲ್ಲಿಸಿ. ಎನಿಮಾ ಕೊಡುವ ಅವಸರ ಬೇಡ, ಅದೂ ಕರುಳನ್ನು ಹಿಗ್ಗಿಸುತ್ತದೆ.

ಐದನೆಯದು ಚರ್ಮ ಮತ್ತು ಉಳಿದದ್ದು. ಕೂತ ಜಾಗ, ಸೊಂಟದ ಹಿಂಭಾಗ, ಹಿಮ್ಮಡಿ, ಹೆಬ್ಬೆರಳಿನ ಉಗುರು ನೋಡಿ. ಸೀಟಿನ ಮೇಲೆ ಪೆನ್ನೋ ಕ್ಯಾಥೆಟರಿನ ಮುಚ್ಚಳವೋ ಬಿದ್ದಿದ್ದು, ಅದರ ಮೇಲೆಯೇ ಕೂತಿರಬಹುದು. ವೃಷಣ ತೊಡೆಯ ಅಡಿ ಸಿಕ್ಕಿರಬಹುದು. ಬಿಸಿನೀರಿನ ಸುಟ್ಟಗಾಯ, ಕೀಟ ಕಚ್ಚಿದ್ದು, ಮುಟ್ಟಿನ ನೋವು, ಲೈಂಗಿಕ ಕ್ರಿಯೆ, ಇವೂ ಕಾರಣವಾಗುತ್ತವೆ. ಒಳಗಿನ ಕಾರಣಗಳನ್ನು ಮನೆಯಲ್ಲಿ ಕಾಣಲು ಆಗುವುದಿಲ್ಲ. ಮೂತ್ರದ ಸೋಂಕು, ಮೂತ್ರದ ಕಲ್ಲು, ಪಿತ್ತಕೋಶದ ಕಲ್ಲು, ಅಪೆಂಡಿಕ್ಸ್, ಗೊತ್ತಾಗದೇ ಮುರಿದ ಕಾಲಿನ ಮೂಳೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಹೀಗೆ ಪಟ್ಟಿ ಉದ್ದ ಇದೆ. ನೋವೇ ತಿಳಿಯದ ಮೈಯಲ್ಲಿ ಇಂಥ ಕಾಯಿಲೆ ಮೊದಲು ಸದ್ದು ಮಾಡುವುದು ಎ.ಡಿ.ಯ ರೂಪದಲ್ಲೇ ಇರಬಹುದು.

ಔಷಧಿ, ಆಂಬುಲೆನ್ಸ್

ಮೇಲಿನ ಅಂಕಿ 150 ದಾಟಿ ಅಲ್ಲೇ ನಿಂತಿದ್ದರೆ, ಕಾರಣ ಸಿಗದಿದ್ದರೆ, ಅಥವಾ ಕಾರಣ ತೆಗೆದ ಮೇಲೂ ಇಳಿಯದಿದ್ದರೆ ಆಂಬುಲೆನ್ಸ್ ಕರೆಯಿರಿ. ಎದೆನೋವು, ಮಾತು ತೊದಲುವುದು, ಗೊಂದಲ, ಕಣ್ಣು ಕಾಣದಿರುವುದು, ಫಿಟ್ಸ್ ಇದ್ದರೆ ಯಾವ ಹೆಜ್ಜೆಯಲ್ಲಿದ್ದರೂ ಸರಿ, ತಕ್ಷಣ ಕರೆಯಿರಿ. ಬರುವವರೆಗೂ ಕೂರಿಸಿಯೇ ಇಡಿ. ಆಂಬುಲೆನ್ಸ್‌ನವರು ಸ್ಟ್ರೆಚರ್ ಮೇಲೆ ಚಪ್ಪಟೆ ಮಲಗಿಸಲು ಬಂದರೆ ಬೇಡ ಎಂದು ಹೇಳಿ, ತಲೆಯ ಕಡೆ ಎತ್ತಿಸಿ.

ಬೇಗ ಕೆಲಸ ಮಾಡಿ ಬೇಗ ಮುಗಿಯುವ ಔಷಧಿಗಳನ್ನು ಇಲ್ಲಿ ಬಳಸುತ್ತಾರೆ. ಚರ್ಮಕ್ಕೆ ಹಚ್ಚುವ ನೈಟ್ರೋಗ್ಲಿಸರಿನ್ ಮುಲಾಮು, ನಿಫೆಡಿಪಿನ್, ಕ್ಯಾಪ್ಟೋಪ್ರಿಲ್ ಇವುಗಳಲ್ಲಿ ಕೆಲವು. ಯಾವುದು, ಎಷ್ಟು, ಬಿಪಿ ಎಷ್ಟಾದಾಗ ಎಂಬುದನ್ನು ನಿಮ್ಮ ವೈದ್ಯರು ಮುಂಚೆಯೇ ಬರೆದುಕೊಟ್ಟಿರಬೇಕು. ಆ ಚೀಟಿ ಇಲ್ಲದೆ ಮನೆಯಲ್ಲಿದ್ದ ಇನ್ಯಾರದೋ ಬಿಪಿ ಮಾತ್ರೆ ಕೊಡಬೇಡಿ. ಮುಲಾಮಿನಲ್ಲಿ ಒಂದು ಅನುಕೂಲವಿದೆ, ಬಿಪಿ ಇಳಿಯುತ್ತಿದ್ದಂತೆ ಒರೆಸಿಬಿಡಬಹುದು.

ಒಂದು ವಿಷಯ ನಾಚಿಕೆ ಬಿಟ್ಟು ಹೇಳಲೇಬೇಕು. ಸಿಲ್ಡೆನಫಿಲ್, ಟಡಲಫಿಲ್ ತರಹದ ಲೈಂಗಿಕ ಸಮಸ್ಯೆಯ ಮಾತ್ರೆ ತೆಗೆದುಕೊಂಡಿದ್ದರೆ ನೈಟ್ರೋಗ್ಲಿಸರಿನ್ ಕೊಡಬಾರದು. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಸಿಲ್ಡೆನಫಿಲ್ ಆದರೆ ಕನಿಷ್ಠ 24 ಗಂಟೆ, ಟಡಲಫಿಲ್ ಆದರೆ ಕನಿಷ್ಠ 48 ಗಂಟೆಯ ಅಂತರ ಬೇಕು. ಎದುರಿಗೆ ಯಾರೇ ಇರಲಿ, ಹೇಳಿಬಿಡಿ. ಆರೈಕೆ ಮಾಡುವವರೂ ಮುಜುಗರ ಪಡದೆ ಕೇಳಿ.

ಇಳಿದ ಮೇಲೆ

ಇನ್ನೂ ಕನಿಷ್ಠ ಎರಡು ಗಂಟೆ ಬಿಪಿ ನೋಡುತ್ತಿರಿ. ಔಷಧಿಯ ಬಲದಿಂದ ಇಳಿದಿದ್ದು, ಕಾರಣ ಹಾಗೇ ಉಳಿದಿದ್ದರೆ, ಔಷಧಿ ಮುಗಿದ ಕೂಡಲೇ ಮತ್ತೆ ಏರುತ್ತದೆ. ಉಲ್ಟಾ ಕೂಡ ಆಗಬಹುದು. ಕಾರಣ ಹೋಗಿದೆ, ಔಷಧಿ ಇನ್ನೂ ಕೆಲಸ ಮಾಡುತ್ತಿದೆ, ಬಿಪಿ ಮಾಮೂಲಿಗಿಂತ ಕೆಳಗೆ ಇಳಿಯಿತು ಅಂದುಕೊಳ್ಳಿ. ಆಗ, ಆಗ ಮಾತ್ರ, ಮಲಗಿಸಿ ಕಾಲು ಎತ್ತಿ.

ಈ ಎರಡನ್ನು ಗೊಂದಲ ಮಾಡಿಕೊಳ್ಳುವವರು ಬಹಳ. ಎತ್ತರದ ಪೆಟ್ಟಿನವರಿಗೆ ಇನ್ನೊಂದು ತೊಂದರೆಯೂ ಇರುತ್ತದೆ. ಹಾಸಿಗೆಯಿಂದ ಎಬ್ಬಿಸಿ ಕೂರಿಸಿದ ಕೂಡಲೇ ಬಿಪಿ ಬಿದ್ದು ಕಣ್ಣು ಕತ್ತಲೆ ಬರುವುದು. ಕೂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಅದು ಆ ತೊಂದರೆ. ಅದಕ್ಕೆ ವೀಲ್‌ಚೇರ್ ಹಿಂದಕ್ಕೆ ಬಾಗಿಸಿ ಕಾಲು ಎತ್ತುವುದೇ ಮದ್ದು. ಎ.ಡಿ.ಗೆ ಅದೇ ವಿಷ. ವ್ಯತ್ಯಾಸ ಹೇಗೆ ತಿಳಿಯುವುದು? ಬಿಪಿ ಬಿದ್ದವರ ಮುಖ ಬಿಳಿಚಿಕೊಳ್ಳುತ್ತದೆ, ತಲೆ ಹಗುರಾದಂತೆ ಆಗುತ್ತದೆ, ಕೂತ ತಕ್ಷಣ ಬರುತ್ತದೆ. ಎ.ಡಿ.ಯಲ್ಲಿ ಮುಖ ಕೆಂಪೇರಿ ತಲೆ ಬಡಿಯುತ್ತದೆ. ಅನುಮಾನ ಇದ್ದರೆ ಯಂತ್ರ ಹಚ್ಚಿ ನೋಡಿ. ಅದಕ್ಕಿಂತ ಖಚಿತವಾದ ದಾರಿ ಇಲ್ಲ. ಬಿಪಿ ಯಂತ್ರ ಮನೆಯಲ್ಲಿ ಇಡಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮತ್ತೆ ಬರದಂತೆ

ಮೂತ್ರ, ಮಲ, ಚರ್ಮ, ಈ ಮೂರರ ದಿನಚರಿ ಸರಿ ಇದ್ದರೆ ಬಹುಪಾಲು ಎ.ಡಿ. ತಪ್ಪುತ್ತದೆ. ಆಗಾಗ ಕ್ಯಾಥೆಟರ್ ಹಾಕುವವರು ಸಾಮಾನ್ಯವಾಗಿ 4ರಿಂದ 6 ಗಂಟೆಗೊಮ್ಮೆ ಹಾಕುತ್ತಾರೆ. ಒಂದು ಸಲಕ್ಕೆ 500 ಮಿಲಿಗಿಂತ ಜಾಸ್ತಿ ಬರುತ್ತಿದ್ದರೆ ಅಂತರ ಕಡಿಮೆ ಮಾಡಿ, ಅಥವಾ ಕುಡಿಯುವುದನ್ನು ದಿನವಿಡೀ ಹಂಚಿಕೊಳ್ಳಿ. ಪ್ರಯಾಣದಲ್ಲಿ ಶೌಚಾಲಯ ಸಿಗುವುದಿಲ್ಲ ಎಂದು ತಡೆದುಕೊಂಡು ಹೋಗುವುದು ಬೇಡ. ಮಲವಿಸರ್ಜನೆಗೆ ಗೊತ್ತಾದ ಹೊತ್ತು ಇರಲಿ. ಆಗ ಪ್ರತಿಸಲ ಬೆವರು, ತಲೆನೋವು ಬರುತ್ತಿದ್ದರೆ "ಇದು ಮಾಮೂಲಿ" ಎಂದು ಬಿಡಬೇಡಿ, ಆ ಹೊತ್ತಿನ ಬಿಪಿ ಬರೆದು ವೈದ್ಯರಿಗೆ ತೋರಿಸಿ. ಚರ್ಮವನ್ನು ಬೆಳಿಗ್ಗೆ ಸಂಜೆ ನೋಡಿ, ಉಗುರನ್ನು ನೇರವಾಗಿ ಕತ್ತರಿಸಿ.

ಕ್ರೀಡಾಪಟುಗಳಿಗೆ ಒಂದು ಮಾತು. ಮೂತ್ರಕೋಶ ತುಂಬಿಸಿಕೊಂಡು ಅಥವಾ ಕಾಲಿಗೆ ನೋವು ಮಾಡಿಕೊಂಡು, ಬೇಕೆಂದೇ ಎ.ಡಿ. ತಂದುಕೊಂಡು ಆಡುವ ಅಭ್ಯಾಸ ಕೆಲವರಲ್ಲಿ ಇತ್ತು. ಬಿಪಿ ಏರಿದರೆ ಓಟ ಸುಧಾರಿಸುತ್ತದೆ ಎಂಬ ಕಾರಣಕ್ಕೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಇದಕ್ಕೆ ನಿಷೇಧವಿದೆ. ಪದಕಕ್ಕಾಗಿ ಮಿದುಳನ್ನು ಪಣಕ್ಕಿಡಬೇಡಿ.

ಜೇಬಿನಲ್ಲಿ ಒಂದು ಕಾರ್ಡ್

ಚಿಕ್ಕ ಕಾರ್ಡ್ ಮಾಡಿ, ಪರ್ಸಿನಲ್ಲೂ ವೀಲ್‌ಚೇರ್‌ನಲ್ಲೂ ಇಡಿ. ಪೆಟ್ಟಿನ ಮಟ್ಟ, ಮಾಮೂಲಿ ಬಿಪಿ, "ನನಗೆ ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಆಗುತ್ತದೆ, ಮಲಗಿಸಬೇಡಿ, ಮೂತ್ರಕೋಶ ನೋಡಿ" ಎಂಬ ಸಾಲು, ತೆಗೆದುಕೊಳ್ಳುವ ಔಷಧಿ, ಅಲರ್ಜಿ, ಮನೆಯವರ ಫೋನ್ ನಂಬರ್. ಅದರ ಜೊತೆಗೆ ಒಂದು ಚೀಲದಲ್ಲಿ ಬಿಪಿ ಯಂತ್ರ, ನಿಮ್ಮ ಅಳತೆಯ ಕ್ಯಾಥೆಟರ್, ಲಿಡೊಕೇನ್ ಜೆಲ್ಲಿ, ಕೈಗವಸು, ಸಿರಿಂಜ್, ಸಲೈನ್, ವೈದ್ಯರು ಬರೆದುಕೊಟ್ಟ ಔಷಧಿ. ತಾರೀಕು ಮುಗಿದಿದೆಯೇ ಎಂದು ಆಗಾಗ ನೋಡಿ.

ಯಾವುದೇ ಶಸ್ತ್ರಚಿಕಿತ್ಸೆ, ಮೂತ್ರಕೋಶದ ಪರೀಕ್ಷೆ, ಕಾಲಿನ ಉಗುರು ತೆಗೆಸುವ ಸಣ್ಣ ಕೆಲಸವಾದರೂ ಸರಿ, ಮೊದಲೇ ಈ ಕಾರ್ಡ್ ತೋರಿಸಿ. "ಸ್ಪರ್ಶ ಇಲ್ಲವಲ್ಲ, ಅರಿವಳಿಕೆ ಬೇಡ" ಎಂದರೆ ಒಪ್ಪಬೇಡಿ. ಗರ್ಭಿಣಿಯಾಗಿದ್ದರೆ ತಿಂಗಳು ತುಂಬುವ ಮೊದಲೇ ಹೆರಿಗೆ ವೈದ್ಯರು ಮತ್ತು ಅರಿವಳಿಕೆ ವೈದ್ಯರು ಇಬ್ಬರ ಜೊತೆಗೂ ಕೂತು ಮಾತಾಡಿ. ಹೆರಿಗೆ ನೋವು ಗೊತ್ತಾಗದೆ, ಎ.ಡಿ.ಯೇ ಹೆರಿಗೆ ಶುರುವಾದ ಸೂಚನೆಯಾಗಿ ಬರಬಹುದು. ಅದನ್ನು ಗರ್ಭಿಣಿಯರಿಗೆ ಬರುವ ಬೇರೆ ಥರದ ಬಿಪಿ ಎಂದು ತಪ್ಪು ತಿಳಿಯುವ ಸಾಧ್ಯತೆ ಇದೆ. ಬೆನ್ನಿಗೆ ಕೊಡುವ ಎಪಿಡ್ಯೂರಲ್ ಅರಿವಳಿಕೆ ಇಲ್ಲಿ ಹೆರಿಗೆ ನೋವು ತಡೆಯಲು ಮಾತ್ರವಲ್ಲ, ಬಿಪಿ ಏರದಂತೆ ತಡೆಯಲೂ ಬೇಕಾಗುತ್ತದೆ. ಅದನ್ನು ಯಾವಾಗ ಶುರು ಮಾಡುತ್ತೀರಿ ಎಂದು ಮುಂಚೆಯೇ ಕೇಳಿ, ಉತ್ತರವನ್ನು ನಿಮ್ಮ ಫೈಲಿನಲ್ಲಿ ಬರೆಸಿಕೊಳ್ಳಿ.